ಪಾರ್ಸೆಲ್ ತಡವಾಗುವ ಕಾಲಕ್ಕೆ ಯಾವ ದಾರಿ ಹಿಡಿಯಬೇಕು? ಮನೆಯಿಂದ ಮಾರುವವರಿಗೊಂದು ಹೋಲಿಕೆ

ಜುಲೈ ಬಂತೆಂದರೆ ನನ್ನ ಫೋನಿಗೆ ಎರಡು ಥರದ ಮೆಸೇಜ್ ಬರುತ್ತವೆ. ಒಂದು ಗಿರಾಕಿಗಳದ್ದು: "ನಮ್ಮ ಹಪ್ಪಳ ಎಲ್ಲಿಗೆ ಬಂತು?" ಇನ್ನೊಂದು ನಮ್ಮ ಹಾಗೇ ಮನೆಯಿಂದ ಮಾರುವವರದ್ದು: "ನೀವು ಈಗ ಯಾವುದರಲ್ಲಿ ಕಳಿಸ್ತಿದ್ದೀರಿ?" ದೀಪಾವಳಿ ಹತ್ತಿರ ಬಂದಾಗ ಮತ್ತೆ ಇದೇ ಕಥೆ. ಮೊದಲನೆಯವರಿಗೆ ಟ್ರ್ಯಾಕಿಂಗ್ ನಂಬರ್ ಕಳಿಸಬಹುದು. ಎರಡನೆಯವರಿಗೆ ಒಂದು ಸಾಲಿನ ಉತ್ತರ ನನ್ನ ಹತ್ತಿರ ಇಲ್ಲ. ಕೇಳಿದವರಿಗೆಲ್ಲ ಒಂದೊಂದು ಥರ ಹೇಳಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನಾನು ಮತ್ತು ನಮ್ಮ ಅತ್ತಿಗೆ ಶಿರಸಿ ಹತ್ತಿರದ ಹಳ್ಳಿಯಿಂದ ಹಲಸಿನಕಾಯಿ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ತೊಡದೇವು ಮಾರುತ್ತೇವೆ. ಸ್ವಲ್ಪ ವಾಟ್ಸಾಪಿನಲ್ಲಿ, ಸ್ವಲ್ಪ ದೊಡ್ಡ ಆನ್‌ಲೈನ್ ಮಾರುಕಟ್ಟೆಗಳಲ್ಲಿ. ನಮ್ಮದೇನೂ ದೊಡ್ಡ ವ್ಯಾಪಾರ ಅಲ್ಲ. ಹೋದ ದುಡ್ಡು ಕಣ್ಣಿಗೆ ಕಾಣುವಷ್ಟು ಚಿಕ್ಕದು.

ಒಂದು ಮಳೆಗಾಲ ಜೋನಿಬೆಲ್ಲದ ಎರಡು ಡಬ್ಬಿ 11 ದಿನ ಅಲೆದು ನಮ್ಮ ಮನೆಗೇ ವಾಪಸ್ ಬಂತು. ಯಾವ ಕೊರಿಯರ್ ಅನ್ನುವುದು ಬೇಡ. ಆರು ದಿನ "ದಾರಿಯಲ್ಲಿದೆ" ಎಂದೇ ತೋರಿಸುತ್ತಿತ್ತು. ಏಳನೇ ದಿನ "ಗಿರಾಕಿ ಮನೆಯಲ್ಲಿ ಇರಲಿಲ್ಲ" ಅಂತ ಬಂತು. ಗಿರಾಕಿ ರಿಟೈರ್ಡ್ ಮೇಷ್ಟ್ರು, ದಿನವಿಡೀ ಮನೆಯಲ್ಲೇ ಇರುವವರು. ಬಾಕ್ಸ್ ಕೈಗೆ ಬಂದಾಗ ರಟ್ಟು ಒದ್ದೆಯಾಗಿ ಮೆತ್ತಗಾಗಿತ್ತು. ಮುಚ್ಚಳದ ಸುತ್ತ ಬೆಲ್ಲ ಸೋರಿತ್ತು. ವಿಳಾಸದ ಚೀಟಿಯ ಮೇಲೆ ಇರುವೆ ಸಾಲು. ಅತ್ತಿಗೆ ತಟ್ಟೆಗೆ ನೀರು ಹಾಕಿ, ಬಟ್ಟಲು ಮಗುಚಿ, ಅದರ ಮೇಲೆ ಬಾಕ್ಸ್ ಇಟ್ಟು, "ಪಾರ್ಸೆಲ್ ಎಲ್ಲಿದೆ ಅಂತ ಆ ಫೋನಿಗಿಂತ ಇರುವೆಗೇ ಚೆನ್ನಾಗಿ ಗೊತ್ತಿತ್ತು ನೋಡು" ಅಂದರು.

ಅಲ್ಲಿಂದ ಈಚೆಗೆ ನಾವು ಕೇಳುವ ಪ್ರಶ್ನೆ ಬದಲಾಯಿತು. ಮೊದಲು "ಎಷ್ಟು ದಿನ, ಎಷ್ಟು ದುಡ್ಡು" ಅಂತ ಕೇಳುತ್ತಿದ್ದೆವು. ಈಗ "ಎಲ್ಲಾದರೂ ಸಿಕ್ಕಿಕೊಂಡರೆ ಯಾರನ್ನು ಕೇಳಬಹುದು, ನಷ್ಟ ಯಾರ ತಲೆ ಮೇಲೆ" ಅಂತ ಕೇಳುತ್ತೇವೆ. ಬೇಸಿಗೆಯಲ್ಲಿ ಎಲ್ಲ ಕೊರಿಯರೂ ಒಳ್ಳೆಯವೇ. ಅದರ ಗುಣ ಗೊತ್ತಾಗುವುದು ಮಳೆಯಲ್ಲಿ, ಇಲ್ಲವೇ ಹಬ್ಬದಲ್ಲಿ.

ಅಳೆಯುವುದು ಏನನ್ನು?

ಮೊದಲನೆಯದು, ನಿಮ್ಮ ಸಾಮಾನು ಎಷ್ಟು ದಿನ ತಡೆಯುತ್ತದೆ. ಇಳಕಲ್ ಸೀರೆ ಹತ್ತು ದಿನ ಗೋದಾಮಿನಲ್ಲಿ ಕೂತರೆ ಗಿರಾಕಿಗೆ ಸಿಟ್ಟು ಬರುತ್ತದೆ, ಸೀರೆಗೆ ಏನೂ ಆಗುವುದಿಲ್ಲ. ಅಪ್ಪೆಮಿಡಿ ಉಪ್ಪಿನಲ್ಲಿ ಕೂತ ವಸ್ತು, ಅದಕ್ಕೂ ಅವಸರ ಇಲ್ಲ. ಅದರ ಭಯ ಸೋರುವುದು ಮಾತ್ರ. ಹಪ್ಪಳಕ್ಕೆ ತಡಕ್ಕಿಂತ ಥಂಡಿ ಮತ್ತು ಪೆಟ್ಟು ಕಷ್ಟ. ತೊಡದೇವು ನೋಡಿದವರಿಗೆ ಗೊತ್ತು, ಮಗುಚಿದ ಬಿಸಿ ಗಡಿಗೆಯ ಮೇಲೆ ಹಿಟ್ಟು ಎಳೆದು ತೆಗೆಯುವ ಕಾಗದದಷ್ಟು ತೆಳು ತಿಂಡಿ ಅದು. ಗಾಳಿಯಾಡಿದರೆ ಮೆತ್ತಗೆ, ಒತ್ತಿದರೆ ಪುಡಿ. ನಿಮ್ಮ ಸಾಮಾನು ಸೀರೆಯ ಜಾತಿಯೋ ತೊಡದೇವಿನ ಜಾತಿಯೋ, ಮೊದಲು ಅದನ್ನು ತೀರ್ಮಾನಿಸಿ. ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಎರಡನೆಯದು, ಗಿರಾಕಿ ಎಲ್ಲಿದ್ದಾರೆ. ಬೆಂಗಳೂರಿನ ಪಿನ್ ಕೋಡಿಗೆ ಹತ್ತು ದಾರಿ ಇದೆ. ಕುಂದಾಪುರದ ಒಳಗಿನ ಹಳ್ಳಿಗೆ ಒಂದೋ ಎರಡೋ.

ಮೂರನೆಯದು ತೂಕ. ತಕ್ಕಡಿಯ ತೂಕ ಬೇರೆ, ಬಿಲ್ಲಿನ ತೂಕ ಬೇರೆ. ಕೊರಿಯರ್‌ನವರು ಡಬ್ಬದ ಅಳತೆಯಿಂದ ಇನ್ನೊಂದು ತೂಕ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಅದನ್ನೇ ವಾಲ್ಯೂಮೆಟ್ರಿಕ್ ತೂಕ ಅನ್ನುವುದು. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನಾವು ಮೊದಲು ಹಪ್ಪಳವನ್ನು 30, 25, 15ರ ಬಾಕ್ಸಿನಲ್ಲಿ ಕಳಿಸುತ್ತಿದ್ದೆವು. ಒಳಗೆ ಮುಕ್ಕಾಲು ಕಿಲೋ ಹಪ್ಪಳ, ಸುತ್ತ ಪೇಪರ್ ಉಂಡೆ. ಲೆಕ್ಕ ಹಾಕಿದರೆ ಅದು 2.25 ಕಿಲೋ! ಈಗ 22, 22, 8ರ ಚಪ್ಪಟೆ ಬಾಕ್ಸ್. ಅದು 0.77 ಕಿಲೋ. ಅದೇ ಹಪ್ಪಳ, ಅದೇ ದಾರಿ. ಯಾವ ಕೊರಿಯರ್ ಅಗ್ಗ ಎಂದು ಹುಡುಕುವ ಮುಂಚೆ ಮನೆಯಲ್ಲಿರುವ ಡಬ್ಬಕ್ಕೆ ಒಮ್ಮೆ ಟೇಪು ಹಿಡಿಯಿರಿ.

ನಾಲ್ಕನೆಯದು ದುಡ್ಡು ಕೈಗೆ ಬರುವ ದಿನ. ಇದರ ಮೇಲೆ ಸ್ವಲ್ಪ ಕೂರಬೇಕು, ಯಾಕೆಂದರೆ ತಡದ ಕಾಲದಲ್ಲಿ ಸಣ್ಣವರು ಮುಳುಗುವುದು ಇಲ್ಲೇ. ಕ್ಯಾಶ್ ಆನ್ ಡೆಲಿವರಿ ಅಂದರೆ ಪಾರ್ಸೆಲ್ ತಲುಪಬೇಕು, ಆಮೇಲೆ ಕೆಲವು ದಿನ ಕಳೆದು ದುಡ್ಡು ನಮಗೆ. ಪಾರ್ಸೆಲ್ ಒಂದು ವಾರ ತಡವಾದರೆ ದುಡ್ಡೂ ಒಂದು ವಾರ ತಡ. ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ತಡವಾದಷ್ಟೂ ಗಿರಾಕಿಯ ಮನಸ್ಸು ಬದಲಾಗುತ್ತದೆ. "ಈಗ ಬೇಡ ಬಿಡಿ" ಅಂತ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ನಮ್ಮ ಮಾರಾಟದವರ ಭಾಷೆಯಲ್ಲಿ ಅದು "ರಿಟರ್ನ್ ಟು ಒರಿಜಿನ್", ಚಿಕ್ಕದಾಗಿ ಆರ್‌ಟಿಓ.

ಒಂದು ಲೆಕ್ಕ ಇಟ್ಟುಕೊಳ್ಳಿ. ಒಂದು ಆರ್ಡರಿಗೆ ಎಲ್ಲ ಕಳೆದು 90 ರೂಪಾಯಿ ಲಾಭ. ಕಳಿಸುವ ಖರ್ಚು 70, ವಾಪಸ್ ಬರುವ ಖರ್ಚು 70, ಬಾಕ್ಸ್ ಟೇಪು 20. ಹತ್ತರಲ್ಲಿ ಒಂದು ವಾಪಸ್ ಬಂದರೆ, ಒಂಬತ್ತರ ಲಾಭ 810ರಲ್ಲಿ 160 ಹೋಗಿ 650 ಉಳಿಯುತ್ತದೆ. ತಡದ ಕಾಲದಲ್ಲಿ ಮೂರು ವಾಪಸ್ ಬಂತು ಅನ್ನಿ. ಏಳರ ಲಾಭ 630. ಮೂರರ ನಷ್ಟ 480. ಉಳಿದದ್ದು 150. ಹತ್ತು ಬಾಕ್ಸ್ ಕಟ್ಟಿ, ಹತ್ತು ವಿಳಾಸ ಅಂಟಿಸಿ, ಎರಡು ವಾರ ಫೋನ್ ಎತ್ತಿದ್ದಕ್ಕೆ 150. ವಾಪಸ್ ಬಂದ ಸಾಮಾನು ಕೆಟ್ಟಿದ್ದರೆ ಅದೂ ಇಲ್ಲ.

ಐದನೆಯದು ಹೆಸರು. ತಡ ಮಾಡಿದ್ದು ಲಾರಿಯಾದರೂ ಸ್ಟಾರ್ ಕಡಿಮೆಯಾಗುವುದು ನಮ್ಮ ಅಂಗಡಿಗೆ. ಇದರ ಜೊತೆಗೆ ಕಾನೂನಿನ ಒಂದು ಮಾತೂ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ, ಹೇಳಿದ ದಿನಕ್ಕಿಂತ ತಡವಾಗಿ ಬಂದ ಸಾಮಾನನ್ನು ಗಿರಾಕಿ ವಾಪಸ್ ಕೊಟ್ಟರೆ ಮಾರುಕಟ್ಟೆಯಲ್ಲಿ ಮಾರುವವರು ಬೇಡ ಅನ್ನುವ ಹಾಗಿಲ್ಲ, ದುಡ್ಡು ಕೊಡುವುದಿಲ್ಲ ಅನ್ನುವ ಹಾಗೂ ಇಲ್ಲ. ನೆರೆ, ಭೂಕುಸಿತದಂಥ ಕೈಮೀರಿದ ಕಾರಣಕ್ಕೆ ತಡವಾಗಿದ್ದರೆ ಮಾತ್ರ ವಿನಾಯಿತಿ. ಅಂದರೆ ನಾವು "3 ದಿನದಲ್ಲಿ ತಲುಪುತ್ತೆ" ಅಂತ ಉತ್ಸಾಹದಲ್ಲಿ ಬರೆದದ್ದು ಬರೀ ಜಾಹೀರಾತಲ್ಲ, ಕೊಟ್ಟ ಮಾತು. ಮಳೆಗಾಲದಲ್ಲಿ ನಾವು "7ರಿಂದ 10 ದಿನ" ಅಂತಲೇ ಬರೆಯುತ್ತೇವೆ. ಐದನೇ ದಿನ ಮುಟ್ಟಿದರೆ ಗಿರಾಕಿ ಖುಷಿಯಾಗಿ ಫೋಟೋ ಕಳಿಸುತ್ತಾರೆ.

ಇನ್ನು ದಾರಿಗಳಿಗೆ ಬರೋಣ. ಯಾವುದರ ದರವನ್ನೂ ಇಲ್ಲಿ ಬರೆದಿಲ್ಲ. ಅವು ಬದಲಾಗುತ್ತಲೇ ಇರುತ್ತವೆ. ಸ್ಪೀಡ್ ಪೋಸ್ಟ್ ದರವೇ 2025ರ ಅಕ್ಟೋಬರ್ 1ರಿಂದ ಬದಲಾಯಿತು. ನಿಮ್ಮ ಬಾಕ್ಸಿನ ಅಳತೆ, ಎರಡು ಪಿನ್ ಕೋಡ್ ಹಿಡಿದು ಆ ದಿನವೇ ಕೇಳಿಕೊಳ್ಳಿ.

ಅಂಚೆ

ಅಂಚೆಯ ದೊಡ್ಡ ಬಲ ಅದು ಮುಟ್ಟದ ಊರಿಲ್ಲ ಅನ್ನುವುದು. ದೇಶದಲ್ಲಿ 1.6 ಲಕ್ಷಕ್ಕೂ ಜಾಸ್ತಿ ಅಂಚೆ ಕಚೇರಿಗಳಿವೆ, ಹತ್ತರಲ್ಲಿ ಸುಮಾರು ಒಂಬತ್ತು ಹಳ್ಳಿಗಳಲ್ಲೇ ಇವೆ. "ನಮ್ಮಲ್ಲಿಗೆ ಡೆಲಿವರಿ ಇಲ್ಲ, ಪೇಟೆಗೆ ಬಂದು ತಗೊಳ್ಳಿ" ಅನ್ನುವ ಮಾತು ಅಲ್ಲಿ ಕಡಿಮೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ. ಸ್ವಲ್ಪ ಜಾಸ್ತಿ ಕೊಟ್ಟರೆ ಒಟಿಪಿ ಕೇಳಿ ಕೊಡುವ ಏರ್ಪಾಡು ಸ್ಪೀಡ್ ಪೋಸ್ಟಿನಲ್ಲಿ ಬಂದಿದೆ. ಬೆಲೆಬಾಳುವ ಸಾಮಾನಿಗೆ ವಿಮೆಯನ್ನೂ ಮಾಡಿಸಬಹುದು. 35 ಕಿಲೋವರೆಗೆ ತೆಗೆದುಕೊಳ್ಳುತ್ತಾರೆ, ನಮ್ಮಂಥವರಿಗೆ ಅದು ಧಾರಾಳವಾಯಿತು.

ತಡವಾದ ದಿನ ಅಂಚೆಯಲ್ಲಿ ನನಗೆ ಇಷ್ಟವಾಗುವುದು ಬೇರೆ. ಕೊನೆಯಲ್ಲಿ ಒಬ್ಬ ಗುರುತಿನ ಮನುಷ್ಯ ಇರುತ್ತಾನೆ. ಗಿರಾಕಿಗೆ ಅವರ ಪೋಸ್ಟ್‌ಮನ್ ಗೊತ್ತು. "ನಿಮ್ಮ ಅಂಚೆಯಣ್ಣನ್ನ ಒಂದು ಮಾತು ಕೇಳಿ ನೋಡಿ" ಅಂದರೆ ಎಷ್ಟೋ ಸಲ ಅಲ್ಲಿಗೆ ಮುಗಿಯುತ್ತದೆ. ಮನೆಗೆ ಬೀಗ ಇದ್ದರೆ ಅವರು ಪಕ್ಕದ ಮನೆಯವರನ್ನು ಕೇಳುತ್ತಾರೆ, ಮರುದಿನ ಮತ್ತೆ ಬರುತ್ತಾರೆ.

ಕೊರತೆ ನಮ್ಮ ಕಡೆಯದು. ದಿನಕ್ಕೆ ಹತ್ತು ಪಾರ್ಸೆಲ್ ಹಿಡಿದುಕೊಂಡು ಕೌಂಟರಿಗೆ ಹೋಗಬೇಕು, ಕೆಲಸದ ಹೊತ್ತಿನಲ್ಲಿ. ಹಿಂದೆ ಪಿಂಚಣಿಗೆ ಬಂದ ಅಜ್ಜಂದಿರು ನಿಂತಿರುತ್ತಾರೆ. ಅವರ ಮುಖ ನೋಡಿ ನಾವೇ "ನೀವು ಮುಗಿಸಿಕೊಳ್ಳಿ" ಅನ್ನಬೇಕಾಗುತ್ತದೆ. ಜಾಸ್ತಿ ಪಾರ್ಸೆಲ್ ಇರುವವರು ಅಂಚೆ ಕಚೇರಿಯಲ್ಲಿ ವ್ಯಾಪಾರಿ ಖಾತೆ ಬಗ್ಗೆ ಕೇಳಬೇಕು. ಒಪ್ಪಂದ ಮಾಡಿಕೊಂಡರೆ ಆಮೇಲೆ ದುಡ್ಡು ಕಟ್ಟುವ ಸೌಲಭ್ಯ, ಕ್ಯಾಶ್ ಆನ್ ಡೆಲಿವರಿ ಎರಡೂ ಇವೆ. ಒಬ್ಬೊಬ್ಬರೇ ಗಿರಾಕಿ ಮುಂಗಡ ದುಡ್ಡು ಹಾಕುವ ವಾಟ್ಸಾಪ್ ವ್ಯಾಪಾರಕ್ಕೆ, ವಾರಕ್ಕೆ ಹತ್ತು ಹದಿನೈದು ಪಾರ್ಸೆಲಿಗೆ ಅಂಚೆಯನ್ನು ಮೀರಿದ್ದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಪೇಟೆಯ ಕೊರಿಯರ್ ಆಫೀಸು

ಪಟ್ಟಣದಿಂದ ಪಟ್ಟಣಕ್ಕೆ ಇವರು ಚುರುಕು. ಬೆಂಗಳೂರಿನಲ್ಲೇ ಹುಟ್ಟಿದ ಡಿಟಿಡಿಸಿಯಂಥವು ಸಣ್ಣ ಪೇಟೆಗಳಲ್ಲೂ ಫ್ರಾಂಚೈಸಿ ಕೊಟ್ಟಿವೆ. ಫ್ರಾಂಚೈಸಿ ನಡೆಸುವವರು ನಮ್ಮ ಊರಿನವರೇ, ಅವರ ಮೊಬೈಲ್ ನಂಬರ್ ನಮ್ಮ ಹತ್ತಿರ ಇರುತ್ತದೆ. ಸಂಜೆ ಆರಕ್ಕೆ "ಗಾಡಿ ಹೊರಟಿತಾ?" ಅಂತ ಕೇಳಿದರೆ ನಿಜ ಹೇಳುತ್ತಾರೆ. "ಇವತ್ತು ಘಟ್ಟ ಬಂದ್, ನಾಳೆ ತಂದುಕೊಡಿ, ಇಲ್ಲಿ ಒದ್ದೆಯಾಗೋದು ಬೇಡ" ಅನ್ನುವ ಒಂದು ಮಾತು ಯಾವ ಆ್ಯಪೂ ಹೇಳುವುದಿಲ್ಲ.

ಆದರೆ ಅವರ ಕೈ ಇರುವುದು ಈ ತುದಿಯಲ್ಲಿ ಮಾತ್ರ. ಆ ತುದಿಯ ಫ್ರಾಂಚೈಸಿ ಹೇಗಿದ್ದಾರೋ ಯಾರಿಗೆ ಗೊತ್ತು. ಹಳ್ಳಿಯ ವಿಳಾಸವಾದರೆ ಡೆಲಿವರಿ ವ್ಯಾಪ್ತಿಯ ಹೊರಗೆ ಅಂತ ಜಾಸ್ತಿ ದುಡ್ಡು ಕೇಳಬಹುದು, ಇಲ್ಲವೇ ಗಿರಾಕಿಯನ್ನೇ ಕರೆಯಬಹುದು. ಕೊಡುವ ಮುಂಚೆ ಪಿನ್ ಕೋಡ್ ಹೇಳಿ "ಮನೆಗೇ ಕೊಡ್ತೀರಾ?" ಅಂತ ಬಾಯಿಬಿಟ್ಟು ಕೇಳಿ. ಬೇಗ ತಲುಪಬೇಕಾದ, ಬೆಲೆ ಜಾಸ್ತಿ ಇರುವ, ನಗರದ ಗಿರಾಕಿಗೆ ಇದು ಸರಿ.

ಅಗ್ರಿಗೇಟರ್

ಶಿಪ್‌ರಾಕೆಟ್ ಥರದವು. ಒಂದು ಆ್ಯಪ್, ಅದರೊಳಗೆ ಹತ್ತಾರು ಕೊರಿಯರ್. ವಿಳಾಸ ಹಾಕಿದರೆ ಯಾರು ಎಷ್ಟಕ್ಕೆ, ಎಷ್ಟು ದಿನಕ್ಕೆ ಎಂದು ಪಟ್ಟಿ ಬರುತ್ತದೆ. ಪಿಕಪ್ಪಿಗೆ ಮನೆಗೇ ಬರುತ್ತಾರೆ, ಹಳ್ಳಿಯಾದರೆ ಪೇಟೆಯ ಒಂದು ಅಂಗಡಿಯ ವಿಳಾಸ ಕೊಡಬೇಕಾಗಬಹುದು. ತಡದ ಕಾಲದಲ್ಲಿ ಇದರ ಲಾಭ ಸ್ಪಷ್ಟ. ಒಂದು ಕೊರಿಯರ್ ಒಂದು ದಿಕ್ಕಿಗೆ ನಿಂತುಹೋದರೆ ಮರುದಿನವೇ ಇನ್ನೊಂದಕ್ಕೆ ಹೋಗಬಹುದು. ಹೊಸ ಖಾತೆ, ಹೊಸ ಒಪ್ಪಂದ ಏನೂ ಬೇಡ.

ಎನ್‌ಡಿಆರ್ ಅನ್ನುವ ಒಂದು ಪರದೆ ಇರುತ್ತದೆ. ಕೊಡಲು ಹೋಗಿ ಆಗಲಿಲ್ಲ ಎಂದು ಬರೆದ ಪಾರ್ಸೆಲ್‌ಗಳೆಲ್ಲ ಅಲ್ಲಿ ಕೂತಿರುತ್ತವೆ. ದಿನಾ ಬೆಳಗ್ಗೆ ಚಹಾದ ಜೊತೆ ಅದನ್ನು ತೆರೆದು, ಗಿರಾಕಿಗೆ ಫೋನ್ ಮಾಡಿ, "ಮತ್ತೆ ಒಯ್ಯಿರಿ" ಎಂದು ಒತ್ತಿದರೆ ಎಷ್ಟೋ ಆರ್‌ಟಿಓ ತಪ್ಪುತ್ತದೆ. ಎರಡು ದಿನ ನೋಡದಿದ್ದರೆ ಬಾಕ್ಸ್ ವಾಪಸ್ ಹೊರಟಿರುತ್ತದೆ. ನಮ್ಮ ಜೋನಿಬೆಲ್ಲ ಹಾಗೇ ವಾಪಸ್ ಬಂದದ್ದು. ಆ ವಾರ ಮನೆಯಲ್ಲಿ ಮದುವೆ, ಪರದೆ ನೋಡಿದವರು ಯಾರೂ ಇಲ್ಲ. ಅರ್ಧ ತಪ್ಪು ನಮ್ಮದೇ ಅನ್ನಿ.

ಇದರ ಕಷ್ಟ ಎರಡು. ಒಂದು, ತೂಕದ ಜಗಳ. ನಾವು 1 ಕಿಲೋ ಎಂದು ಹಾಕಿದ್ದನ್ನು ಅವರ ಯಂತ್ರ ಒಂದೂವರೆ ಅನ್ನುತ್ತದೆ, ದುಡ್ಡು ತಾನಾಗಿ ಕಡಿತವಾಗುತ್ತದೆ. ಪ್ರತಿ ಅಳತೆಯ ಬಾಕ್ಸನ್ನು ಟೇಪಿನ ಜೊತೆ, ತಕ್ಕಡಿಯ ಮೇಲೆ ಇಟ್ಟು ಫೋಟೋ ತೆಗೆದಿಟ್ಟುಕೊಳ್ಳಿ. ತಕರಾರು ಹಾಕುವುದಕ್ಕೆ ಅದೇ ಸಾಕ್ಷಿ. ಎರಡು, ಮಾತಾಡುವ ಮನುಷ್ಯ ಸಿಗುವುದಿಲ್ಲ. ಅಗ್ರಿಗೇಟರ್ ಕೊರಿಯರಿನ ಕಡೆ ಕೈ ತೋರಿಸುತ್ತದೆ, ಕೊರಿಯರ್ ಅಗ್ರಿಗೇಟರ್ ಕಡೆ. ನಡುವೆ ನಾವು, ನಮ್ಮ ಹಿಂದೆ ಗಿರಾಕಿ. ದಿನಕ್ಕೆ ಐದಾರು ಆರ್ಡರ್ ದಾಟಿದವರಿಗೆ, ಮೊಬೈಲ್ ಮುಂದೆ ಕೂರಲು ಮನೆಯಲ್ಲಿ ಒಬ್ಬರು ಇರುವವರಿಗೆ ಇದು ಅನುಕೂಲ. ಒಬ್ಬರೇ ಅಡುಗೆ, ಪ್ಯಾಕಿಂಗ್, ಫೋನ್ ಮೂರೂ ಮಾಡುವವರು ಯೋಚಿಸಿ.

ಮಾರುಕಟ್ಟೆಯದೇ ಗಾಡಿ

ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋಗಳಲ್ಲಿ ಮಾರುವವರಿಗೆ ಅವರದೇ ಸಾಗಾಟ ಇದೆ. ನಾವು ಪ್ಯಾಕ್ ಮಾಡಿ ಲೇಬಲ್ ಅಂಟಿಸಿಟ್ಟರೆ ಅವರು ಒಯ್ಯುತ್ತಾರೆ. ಪಿಕಪ್ ಆದಮೇಲಿನ ತಡಕ್ಕೆ ಬಹುಮಟ್ಟಿಗೆ ಉತ್ತರ ಕೊಡಬೇಕಾದವರು ಅವರು. ಗಿರಾಕಿ ನೇರ ಅವರನ್ನೇ ಕೇಳುತ್ತಾರೆ. ಈ ಒಂದು ನೆಮ್ಮದಿಗೇ ಎಷ್ಟೋ ಜನ ಇದನ್ನು ಹಿಡಿದಿದ್ದಾರೆ.

ಆದರೆ ಪಿಕಪ್ಪಿಗಿಂತ ಮುಂಚಿನ ತಡ ನಮ್ಮದು. ಅಮೆಜಾನಿನ ಅಳತೆಗೋಲು ನೋಡಿ: ತಡವಾಗಿ ಕಳಿಸಿದ ಆರ್ಡರ್‌ಗಳು 4%ಗಿಂತ ಕಡಿಮೆ ಇರಬೇಕು, ಕಳಿಸುವ ಮುಂಚೆ ನಾವೇ ಕ್ಯಾನ್ಸಲ್ ಮಾಡಿದ್ದು 2.5%ಗಿಂತ ಕಡಿಮೆ ಇರಬೇಕು. ಸಾವಿರ ಆರ್ಡರ್ ಇರುವವರಿಗೆ 4% ಅಂದರೆ 40 ಪಾರ್ಸೆಲ್. 25 ಆರ್ಡರ್ ಇರುವ ನಮಗೆ? ಒಂದು. ಒಂದೇ ಒಂದು. ಕ್ಯಾನ್ಸಲ್ ಲೆಕ್ಕದಲ್ಲಂತೂ ಆ ಒಂದಕ್ಕೇ ಗೆರೆ ದಾಟುತ್ತದೆ. ಗೆರೆ ಎಲ್ಲರಿಗೂ ಒಂದೇ, ಆದರೆ ಸಣ್ಣವರ ಮನೆ ಬಾಗಿಲಿಗೇ ಎಳೆದಂತಿದೆ. ಮನೆಯಲ್ಲಿ ಮೂರು ದಿನ ಕರೆಂಟಿಲ್ಲ, ಲೇಬಲ್ ಪ್ರಿಂಟ್ ಆಗಲಿಲ್ಲ ಅನ್ನುವುದನ್ನು ಆ ಲೆಕ್ಕ ಕೇಳುವುದಿಲ್ಲ. ಶಿರಸಿಯವರಿಗೆ ಇನ್ನೊಂದಿದೆ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಆ ದಿನಗಳಲ್ಲಿ ಪೇಟೆಯೊಳಗೆ ಗಾಡಿ ತಿರುಗಿಸುವುದೇ ಕಷ್ಟ, ಪಿಕಪ್ ಎಲ್ಲಿಂದ ಬರಬೇಕು!

ಸರಕನ್ನು ಮೊದಲೇ ಅವರ ಗೋದಾಮಿಗೆ ಕಳಿಸಿಡುವುದು ಇನ್ನೊಂದು ಬಗೆ. ಘಟ್ಟ ಕುಸಿದರೂ ಗಿರಾಕಿಗೆ ಸಾಮಾನು ಗೋದಾಮಿನಿಂದ ಹೋಗುತ್ತಿರುತ್ತದೆ, ತಡದ ತಲೆನೋವು ಆರ್ಡರಿಗಿಂತ ಮುಂಚೆಯೇ ಮುಗಿದಿರುತ್ತದೆ. ಗೊಂಬೆ, ಬಟ್ಟೆ, ಅಗರಬತ್ತಿ, ಕಾಫಿಪುಡಿಯಂಥ ತಡೆಯುವ ಸಾಮಾನಿಗೆ ಹಬ್ಬದ ಮುಂಚೆ ಇದು ಬಹಳ ಒಳ್ಳೆಯ ದಾರಿ. ಬೆಲೆ ಏನು ಅಂದರೆ ಗೋದಾಮಿನ ಬಾಡಿಗೆ, ಅಲ್ಲಿ ಸಿಕ್ಕಿಬಿದ್ದ ಬಂಡವಾಳ. ಜೊತೆಗೆ ಆ ಗೋದಾಮನ್ನು ನಿಮ್ಮ ಜಿಎಸ್‌ಟಿ ನೋಂದಣಿಯಲ್ಲಿ ಹೆಚ್ಚುವರಿ ವ್ಯಾಪಾರದ ಜಾಗ ಎಂದು ಸೇರಿಸಬೇಕು. ಮಾರಾಟವಾಗದೆ ಉಳಿದರೆ ತರಿಸಿಕೊಳ್ಳುವುದಕ್ಕೂ ದುಡ್ಡು. ಮನೆಯ ತಿಂಡಿಗೆ ಇದು ಬೇಡ. ನಾವು ಯೋಚಿಸಿ ಕೈಬಿಟ್ಟೆವು.

ಜಿಎಸ್‌ಟಿ ಮಾತು ಬಂದಾಗ ಇನ್ನೊಂದು. 2023ರ ಅಕ್ಟೋಬರ್ 1ರಿಂದ, ನೋಂದಣಿಯ ಮಿತಿಯೊಳಗಿರುವ ಸಣ್ಣವರು ಜಿಎಸ್‌ಟಿ ನೋಂದಣಿ ಇಲ್ಲದೆಯೂ ಈ ಮಾರುಕಟ್ಟೆಗಳಲ್ಲಿ ಸಾಮಾನು ಮಾರಬಹುದು. ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದರೆ ಸಾಕು. ಆದರೆ ತಮ್ಮ ರಾಜ್ಯದೊಳಗೆ ಮಾತ್ರ. ಹೊಸಬರು ಇದನ್ನು ನಿರ್ಬಂಧ ಎಂದು ಬೇಸರ ಮಾಡಿಕೊಳ್ಳುತ್ತಾರೆ. ನನಗೇನೋ ಮೊದಲ ವರ್ಷಕ್ಕೆ ಅದೇ ಒಳ್ಳೆಯದು ಅನಿಸುತ್ತದೆ. ಕರ್ನಾಟಕದೊಳಗೆ ಪಾರ್ಸೆಲ್ ಸಿಕ್ಕಿಕೊಂಡರೆ ಕನ್ನಡದಲ್ಲಿ ಫೋನ್ ಮಾಡಿ ಕೇಳಬಹುದು, ಕೈಮೀರಿದರೆ ಬಸ್ಸು ಹತ್ತಿ ಹೋಗಿ ತರಲೂಬಹುದು. ಒಮ್ಮೆ ಹುಬ್ಬಳ್ಳಿಗೆ ಹಾಗೆ ಹೋಗಿಯೂ ಇದ್ದೇನೆ.

ಬಸ್ಸು ಮತ್ತು ಲಾರಿ

ಆನ್‌ಲೈನ್ ವ್ಯಾಪಾರದ ಬಗ್ಗೆ ಬರೆಯುವವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮ ಮಳೆಗಾಲವನ್ನು ಉಳಿಸಿದ್ದು ಇದೇ. ಸರ್ಕಾರಿ ಬಸ್ಸಿನಲ್ಲಿ ಪಾರ್ಸೆಲ್ ಕಳಿಸುವ "ನಮ್ಮ ಕಾರ್ಗೋ" 2021ರಲ್ಲಿ ಶುರುವಾಯಿತು. ಖಾಸಗಿ ರಾತ್ರಿ ಬಸ್ಸಿನವರೂ ಒಯ್ಯುತ್ತಾರೆ. ದೊಡ್ಡ ಗಾತ್ರಕ್ಕೆ ವಿಆರ್‌ಎಲ್‌ನಂಥ ಲಾರಿಯವರಿದ್ದಾರೆ. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರುವಾದ ಕಂಪನಿ ಅದು. ಬಸ್ಸಿಗೆ ರಾತ್ರಿ ಹತ್ತಿಸಿದ್ದು ಬೆಳಗ್ಗೆ ಇಳಿಯುತ್ತದೆ. ನಡುವೆ ಗೋದಾಮು ಇಲ್ಲ. ಜನ ಕೂತ ಬಸ್ಸು ದಾರಿಯಲ್ಲಿ ಆರು ದಿನ ನಿಲ್ಲುವುದಿಲ್ಲವಲ್ಲ!

ತೊಂದರೆ ಒಂದೇ. ಮನೆ ಬಾಗಿಲಿಗೆ ಹೋಗುವುದಿಲ್ಲ. ಯಾರಾದರೂ ಬಂದು ಬಿಡಿಸಿಕೊಳ್ಳಬೇಕು. 300 ರೂಪಾಯಿಯ ಹಪ್ಪಳಕ್ಕೆ ಯಾವ ಗಿರಾಕಿ ಮೆಜೆಸ್ಟಿಕ್‌ಗೆ ಬರುತ್ತಾರೆ?

ನಾವು ಮಾಡಿದ್ದು ಹೀಗೆ. ಮಲ್ಲೇಶ್ವರದಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ. ಬೆಂಗಳೂರಿನ ಆರ್ಡರ್‌ಗಳನ್ನೆಲ್ಲ ವಾರವಿಡೀ ಕೂಡಿಹಾಕಿ ಗುರುವಾರ ರಾತ್ರಿ ಒಂದೇ ದೊಡ್ಡ ಬಾಕ್ಸಿನಲ್ಲಿ ಹತ್ತಿಸುತ್ತೇವೆ, ಹದಿನೆಂಟು ಇಪ್ಪತ್ತು ಕಿಲೋ. ಒಳಗೆ ಪ್ರತಿ ಗಿರಾಕಿಯ ಚೀಲ ಬೇರೆ, ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರು, ಬಡಾವಣೆ. ಶುಕ್ರವಾರ ಬೆಳಗ್ಗೆ ಚಿಕ್ಕಮ್ಮನ ಮಗ ಬಿಡಿಸಿಕೊಂಡು ಬರುತ್ತಾನೆ. ಹತ್ತಿರದವರು ಬಂದು ಒಯ್ಯುತ್ತಾರೆ. ದೂರದವರು ಆ್ಯಪಿನ ಬೈಕ್ ಕಳಿಸಿ ತರಿಸಿಕೊಳ್ಳುತ್ತಾರೆ, ಅದರ ಬಾಡಿಗೆ ಅವರದು. ಚಿಕ್ಕಮ್ಮನಿಗೆ ಪ್ರತಿ ಚೀಲಕ್ಕೆ ಇಷ್ಟು ಅಂತ ಕೊಡುತ್ತೇವೆ. ಮೊದಲು ಬೇಡ ಅಂದರು. "ನೀವು ತಗೊಳ್ಳದಿದ್ರೆ ಮುಂದಿನ ವಾರ ಕಳಿಸೋಕೆ ಸಂಕೋಚ ಆಗುತ್ತೆ ಚಿಕ್ಕಮ್ಮ" ಅಂದಮೇಲೆ ಒಪ್ಪಿದರು. ಹುಬ್ಬಳ್ಳಿಗೂ ಮಂಗಳೂರಿಗೂ ಇಂಥ ಒಬ್ಬರು ಸಿಕ್ಕಿದರೆ ಮಾಡೋಣ ಅಂತಿದ್ದೇವೆ. ಒಂದೇ ಅಪಾರ್ಟ್‌ಮೆಂಟಿನ ಎಂಟು ಹತ್ತು ಮನೆ ಸೇರಿ ಆರ್ಡರ್ ಹಾಕಿದರೂ ಇದೇ ಲೆಕ್ಕ ನಡೆಯುತ್ತದೆ. ರಸೀದಿಯ ಫೋಟೋ ತಕ್ಷಣ ಕಳಿಸಿ, ಎಷ್ಟು ದಿನದೊಳಗೆ ಬಿಡಿಸಿಕೊಳ್ಳಬೇಕು ಎಂದು ಕೌಂಟರಿನಲ್ಲೇ ಕೇಳಿಕೊಳ್ಳಿ.

ಬಸ್ಸಿಗೂ ಮಳೆಗಾಲ ಇದೆ, ಮರೆಯಬಾರದು. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತು, ರಾಷ್ಟ್ರೀಯ ಹೆದ್ದಾರಿ 66 ಬಂದ್ ಆಯಿತು. ಆ ದಿನಗಳಲ್ಲಿ ಪಾರ್ಸೆಲ್ ಎಲ್ಲಿದೆ ಎಂದು ಕೇಳಿದ ಗಿರಾಕಿಯೊಬ್ಬರೂ ಸುದ್ದಿ ನೋಡಿದ ಮೇಲೆ ಸಿಟ್ಟು ಮಾಡಲಿಲ್ಲ. ಅಂಥ ಹೊತ್ತಿನಲ್ಲಿ ಕರಾವಳಿಯ ಆರ್ಡರ್ ತೆಗೆದುಕೊಳ್ಳದಿರುವುದೇ ಸರಿ.

ಬಾಗಿಲು ಎಳೆದುಕೊಳ್ಳುವುದು

ಇದೂ ಒಂದು ಆಯ್ಕೆ, ಆದರೆ ಯಾರೂ ಆಯ್ಕೆ ಎಂದು ನೋಡುವುದಿಲ್ಲ. ಮಾರುಕಟ್ಟೆಗಳಲ್ಲಿ ಅಂಗಡಿಯನ್ನು ಕೆಲವು ದಿನ ರಜೆಗೆ ಹಾಕುವ ಸೆಟ್ಟಿಂಗ್ ಇರುತ್ತದೆ. ಅದು ಬೇಡವಾದರೆ ಆರ್ಡರ್ ಬಂದು ಕಳಿಸುವ ದಿನಗಳನ್ನು 2ರಿಂದ 4 ಮಾಡಬಹುದು. ಆಗಲೇ ಬಂದ ಆರ್ಡರ್‌ಗಳನ್ನು ಮಾತ್ರ ಕಳಿಸಲೇಬೇಕು. ರಜೆ ಹಾಕಿದರೆ ಆ ವಾರದ ಮಾರಾಟ ಹೋಗುತ್ತದೆ, ಹುಡುಕುವ ಪಟ್ಟಿಯಲ್ಲಿ ನಮ್ಮ ಹೆಸರು ಕೆಳಗಿಳಿಯುವ ಭಯವೂ ಇದೆ. ಹಾಕದಿದ್ದರೆ ಮೇಲಿನ 150 ರೂಪಾಯಿ ಲೆಕ್ಕ, ಜೊತೆಗೆ ಒಂದು ಸ್ಟಾರಿನ ನಾಲ್ಕು ಬೈಗುಳ. ಬೈಗುಳ ಅಳಿಸುವುದು ಕಷ್ಟ, ಮಾರಾಟ ಮುಂದಿನ ವಾರ ಮತ್ತೆ ಬರುತ್ತದೆ. ನಾನು ರಜೆಯ ಪಕ್ಷ.

ನಡುವಿನ ದಾರಿಯೊಂದಿದೆ. ಕ್ಯಾಶ್ ಆನ್ ಡೆಲಿವರಿ ಮಾತ್ರ ನಿಲ್ಲಿಸುವುದು. ಮುಂಚೆಯೇ ದುಡ್ಡು ಹಾಕಿದವರು ಬಾಗಿಲಲ್ಲಿ ವಾಪಸ್ ಕಳಿಸುವುದು ಕಡಿಮೆ. ಆರ್ಡರ್ ಕಡಿಮೆಯಾಗುತ್ತವೆ, ನಿಜ. ಆದರೆ ಬಂದದ್ದು ಉಳಿಯುತ್ತದೆ. ವಾಟ್ಸಾಪಿನಲ್ಲಿ ಇದು ಸುಲಭ. ಕೆಲವು ಮಾರುಕಟ್ಟೆಗಳಲ್ಲಿ ಇದು ನಮ್ಮ ಕೈಯಲ್ಲಿಲ್ಲ.

ವಿದೇಶಕ್ಕೆ ಕಳಿಸುವವರು ಬಾಗಿಲು ಎಳೆದುಕೊಳ್ಳುವುದನ್ನು 2025ರಲ್ಲಿ ಕಲಿತರು. ಅಮೆರಿಕ 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಕೊಡುತ್ತಿದ್ದ ಸುಂಕದ ವಿನಾಯಿತಿಯನ್ನು ಆಗಸ್ಟ್ 29ರಿಂದ ತೆಗೆದುಹಾಕಿತು. ಆ ಗೊಂದಲದಲ್ಲಿ ಅಂಚೆ ಇಲಾಖೆ ಆಗಸ್ಟ್ 25ರಿಂದ ಅಲ್ಲಿಗೆ ಹೆಚ್ಚಿನ ಪಾರ್ಸೆಲ್ ನಿಲ್ಲಿಸಿ, ಸುಂಕವನ್ನು ಇಲ್ಲೇ ಕಟ್ಟಿಸಿಕೊಳ್ಳುವ ಏರ್ಪಾಡಿನೊಂದಿಗೆ ಅಕ್ಟೋಬರ್ 15ರಿಂದ ಮತ್ತೆ ತೆಗೆದುಕೊಳ್ಳಲು ಶುರುಮಾಡಿತು. ಸುಮಾರು ಏಳು ವಾರ. ಚನ್ನಪಟ್ಟಣದ ಗೊಂಬೆಯನ್ನು ಅಲ್ಲಿನ ಕನ್ನಡದ ಮನೆಗಳಿಗೆ ಕಳಿಸುವ ನನ್ನ ಗೆಳತಿ ಆ ವಾರಗಳಲ್ಲಿ ಗಿರಾಕಿಗಳಿಗೆ ಎರಡೇ ದಾರಿ ಕೊಟ್ಟಳು: ದುಡ್ಡು ವಾಪಸ್, ಇಲ್ಲವೇ ಬೆಂಗಳೂರಿನಲ್ಲಿರುವ ಅಪ್ಪ ಅಮ್ಮನ ವಿಳಾಸ ಕೊಡಿ. ಊರಿಗೆ ಬಂದವರ ಸೂಟ್‌ಕೇಸಿನಲ್ಲಿ ಎಷ್ಟೋ ಬುಗುರಿ, ಗಿಲಕಿ ಹಾರಿಹೋದವು.

ಯಾರಿಗೆ ಯಾವುದು?

ಈಗಷ್ಟೇ ಶುರುಮಾಡಿದ್ದೀರಿ, ವಾರಕ್ಕೆ ಐದಾರು ಪಾರ್ಸೆಲ್, ಕೈಯಲ್ಲಿ ಬಂಡವಾಳ ಇಲ್ಲ: ಅಂಚೆ, ಮುಂಗಡ ದುಡ್ಡು, ಚಿಕ್ಕ ಬಾಕ್ಸ್. ಬೇರೆ ಏನೂ ಬೇಡ.

ದಿನಕ್ಕೆ ಹತ್ತು ದಾಟಿದೆ, ಗಿರಾಕಿಗಳು ದೇಶದ ತುಂಬ ಇದ್ದಾರೆ, ಸಾಮಾನು ಕೆಡುವಂಥದ್ದಲ್ಲ: ಅಗ್ರಿಗೇಟರ್, ಆದರೆ ಹಳ್ಳಿ ಪಿನ್ ಕೋಡ್‌ಗಳನ್ನು ಬೇರೆ ತೆಗೆದು ಅಂಚೆಗೆ ಹಾಕಿ. ಎರಡನ್ನೂ ಇಟ್ಟುಕೊಳ್ಳುವುದಕ್ಕೆ ಖರ್ಚು ಏನೂ ಇಲ್ಲ. ಒಂದೇ ಕಡೆ ನಿಷ್ಠೆ ಇಡಲು ಇದೇನು ಸಂಬಂಧ ಬೆಳೆಸುವ ಕೆಲಸವಾ?

ಬಹುತೇಕ ಮಾರಾಟ ದೊಡ್ಡ ಮಾರುಕಟ್ಟೆಗಳಲ್ಲೇ ಅಂದರೆ ಅವರ ಗಾಡಿಯೇ ಸರಿ. ಹಬ್ಬಕ್ಕೆ ಆರು ವಾರ ಮುಂಚೆ, ನಿಜವಾಗಿ ಓಡುವ ಎರಡೋ ಮೂರೋ ಸಾಮಾನನ್ನು ಮಾತ್ರ ಗೋದಾಮಿಗೆ ಹಾಕಿ ನೋಡಿ. ಎಲ್ಲವನ್ನೂ ಹಾಕಬೇಡಿ.

ಒಡೆಯುವ, ಸೋರುವ, ಕೆಡುವ ಸಾಮಾನು, ಗಿರಾಕಿಗಳು ಒಂದೆರಡು ನಗರದಲ್ಲೇ ಜಾಸ್ತಿ ಇದ್ದಾರೆ ಅನ್ನುವವರು ನಮ್ಮ ಜಾತಿ. ಬಸ್ಸು, ಮತ್ತು ಆ ತುದಿಯಲ್ಲಿ ಒಬ್ಬ ಚಿಕ್ಕಮ್ಮ.

ಯಾವ ದಾರಿ ಹಿಡಿದರೂ ತಡ ಆಗುವುದು ಗೊತ್ತಾದ ದಿನವೇ ಗಿರಾಕಿಗೆ ನೀವೇ ಮೊದಲು ಬರೆಯಿರಿ, ಅವರು ಕೇಳುವ ತನಕ ಕಾಯಬೇಡಿ. ನಾವು ಕಳಿಸುವುದು ಇಷ್ಟೇ: "ನಮಸ್ಕಾರ. ನಿಮ್ಮ ಉಪ್ಪಿನಕಾಯಿ ಸೋಮವಾರ ಹೊರಟಿದೆ, ಮಳೆಯಿಂದ ಹುಬ್ಬಳ್ಳಿಯಲ್ಲಿ ನಿಂತಿದೆ. ಶನಿವಾರದೊಳಗೆ ಬರದಿದ್ದರೆ ಬೇರೆ ಕಳಿಸುತ್ತೇವೆ ಅಥವಾ ದುಡ್ಡು ವಾಪಸ್ ಹಾಕುತ್ತೇವೆ, ನಿಮಗೆ ಹೇಗೆ ಅನುಕೂಲ ಹೇಳಿ." ಎಲ್ಲಿ ನಿಂತಿದೆ, ಯಾವ ದಿನದವರೆಗೆ ಕಾಯಬೇಕು, ಆಮೇಲೆ ಏನು ಎಂಬ ಮೂರೂ ಇರಲಿ. "ಕ್ಷಮಿಸಿ, ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಅಂತ ಬ್ಯಾಂಕಿನವರ ಥರ ಬರೆದರೆ ಸಿಟ್ಟು ಇಮ್ಮಡಿಯಾಗುತ್ತದೆ.

ಈ ಮಳೆಗಾಲಕ್ಕೆ ನಮ್ಮದು ಹೀಗೆ ನಿಂತಿದೆ. ಹಪ್ಪಳ ಎರಡು ಪ್ಲಾಸ್ಟಿಕ್ ಒಳಗೆ, ಚಪ್ಪಟೆ ಬಾಕ್ಸಿನಲ್ಲಿ, ಅಂಚೆಗೆ. ಅಪ್ಪೆಮಿಡಿ ಗಾಜಿನ ಬಾಟಲಿ ಬಿಟ್ಟು ಪ್ಲಾಸ್ಟಿಕ್ ಡಬ್ಬಿಗೆ ಬಂದಿದೆ, ನಗರಕ್ಕಾದರೆ ಕೊರಿಯರ್, ಹಳ್ಳಿಗಾದರೆ ಅಂಚೆ. ಜೋನಿಬೆಲ್ಲ ಗುರುವಾರದ ಬಸ್ಸಿಗೆ ಮಾತ್ರ. ತೊಡದೇವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಟ್ಟಿಯಿಂದಲೇ ತೆಗೆದಿದ್ದೇವೆ. ಬೇಕೇ ಬೇಕು ಅಂದವರಿಗೆ ಅತ್ತಿಗೆಯ ಉತ್ತರ ಸಿದ್ಧ ಇದೆ: "ಶಿರಸಿ ಬಸ್ಸು ಹತ್ತಿ ಬನ್ನಿ. ಗಡಿಗೆಯಿಂದ ತೆಗೆದು ಕೈಗೇ ಕೊಡ್ತೇನೆ."